ಹಳೆಯ ಪುಷ್ಪಕ್ ವಿಮಾನ ಕೊಂಡು ಕಲಬುರಗಿಯಲ್ಲಿ ಇಟ್ಟುಕೊಳ್ಳಬಹುದೇ?

ಕೊಳ್ಳಬಹುದು, ಆದರೆ ಎಂಜಿನ್‌ಗಿಂತ ಮೊದಲು ಬಟ್ಟೆಯನ್ನು ನೋಡಿ. ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಈ ಎರಡು ಆಸನದ ವಿಮಾನದ ಒಡಲು ಉಕ್ಕಿನ ಕೊಳವೆಗಳ ಹಂದರ. ಅದಕ್ಕೆ ಬಿಗಿದು ಡೋಪ್ (ಬಟ್ಟೆಯನ್ನು ಬಿಗಿಗೊಳಿಸಿ ಕಾಪಾಡುವ ಲೇಪ) ಬಳಿದ ಬಟ್ಟೆಯೇ ಹೊದಿಕೆ. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಬಯಲಲ್ಲೇ ನಿಲ್ಲಿಸಿದರೆ ಡೋಪ್ ಬಿರಿಯುತ್ತದೆ, ಬಟ್ಟೆ ಜೀರ್ಣವಾಗುತ್ತದೆ. ಹೊಸ ಬಣ್ಣ ಮಿರುಗುತ್ತಿದ್ದರೂ ನಂಬಬೇಡಿ, ಬಟ್ಟೆಯ ಬಲವನ್ನು ಅಳೆಸಿಯೇ ತೀರಿ. ಬಾಲದ ಬಳಿಯ ಕೊಳವೆಗಳಿಗೆ ತೇವ ಸೇರಿದರೆ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗಣ್ಣಿಗೆ ಅದು ಕಾಣುವುದಿಲ್ಲ.

ಎಂಜಿನ್ 90 ಅಶ್ವಶಕ್ತಿಯದು. ಬೇಸಿಗೆಯ ಮಧ್ಯಾಹ್ನ ಗಾಳಿ ತೆಳುವಾಗಿ ಏರುವ ಶಕ್ತಿ ಕುಗ್ಗುತ್ತದೆ, ಬೆಳಿಗ್ಗೆಯೇ ಹಾರಿಸಿ. ಹ್ಯಾಂಗರ್‌ನಲ್ಲಿ ಜಾಗ, ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್, ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ದಾಖಲೆಗಳು ಖಚಿತವಾಗುವವರೆಗೆ ಮುಂಗಡ ಕೊಡಬೇಡಿ.