ಯುಕೆಜಿ ಮಕ್ಕಳಿಗೆ ರೇಷ್ಮೆ ಮನೆಯ ಆಟ: ಶಿಡ್ಲಘಟ್ಟದ ಶಿಕ್ಷಕಿಯವರಿಗೆ ಪ್ರತಿಕ್ರಿಯೆ

ಊರಿನ ಸಂಪ್ರದಾಯವನ್ನು ಪರಿಚಯಿಸಲೆಂದು ಯುಕೆಜಿ ಮಕ್ಕಳಿಗೆ ನಾಟಕ ಕಲಿಸಲು ಹೊರಟರೆ ಅವರು ಮಾತು ಮರೆತು ಅಳುತ್ತಾರೆ, ಏನು ಮಾಡಲಿ ಎಂದು ತಾವು ಕೇಳಿದ್ದೀರಿ. ಐದು ವರ್ಷದ ಮಗುವಿಗೆ ಸಂಭಾಷಣೆ ಬಾಯಿಪಾಠ ಮಾಡಿಸುವುದನ್ನು ಕೈಬಿಟ್ಟು, ಪಾತ್ರವಾಗಿ ಆಡಲು ಜಾಗ ಮತ್ತು ಸಾಮಾನು ಕೊಡುವುದು ಮೇಲು. ಪೋಷಕರಿಗೆ ಪ್ರದರ್ಶನ ಬೇಕಿದ್ದರೆ ಆಟ ನಡೆಯುವಾಗಲೇ ಬಂದು ನೋಡಲಿ.

ವಿಷಯವನ್ನು ದೂರ ಹುಡುಕಬೇಕಿಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆ ನಿಮ್ಮ ಊರಿನಲ್ಲೇ ಇದೆ. ತರಗತಿಯ ಒಂದು ಮೂಲೆಯಲ್ಲಿ ಹಳೆಯ ಚಂದ್ರಿಕೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ), ಒಂದು ಮಂಕರಿ ಹಿಪ್ಪುನೇರಳೆ ಸೊಪ್ಪು, ಚಿಟ್ಟೆ ಹೊರಬಿದ್ದು ತೂತಾದ ಗೂಡುಗಳು ಮತ್ತು ಒಂದು ತಕ್ಕಡಿ ಇಡಿ. ಕೆಲವರು ಹುಳುಗಳಾಗಲಿ, ಕೆಲವರು ಸಾಕುವವರಾಗಲಿ. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ಇರುವುದನ್ನು ನಮ್ಮ ರೈತರು ‘ಜ್ವರ’ ಎನ್ನುತ್ತಾರಲ್ಲ, ಅಂಥ ನಾಲ್ಕು ಜ್ವರಗಳನ್ನು ಮಕ್ಕಳು ಆಡಿಯೇ ದಾಟಲಿ. ಹುಳು ಮಲಗಿರುವಾಗ ಸೊಪ್ಪು ಹಾಕಬಾರದೆಂಬ ನಿಯಮವನ್ನು ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ತಾವು ನಿರ್ದೇಶಕಿಯಾಗದೆ, ಗೂಡು ಕೊಳ್ಳಲು ಬಂದ ರೀಲರ್ (ಗೂಡಿನಿಂದ ನೂಲು ತೆಗೆಯುವವರು) ಆಗಿ ಒಳಹೊಕ್ಕು, “ಹುಳುಗಳು ಯಾವಾಗ ಹಣ್ಣಾದವು?”, ಅಂದರೆ ಗೂಡು ಕಟ್ಟಲು ಸಿದ್ಧವಾದವು, ಎಂದು ಕೇಳಿದರೆ ಮಾತು ತಾನಾಗಿ ಹೊರಡುತ್ತದೆ.

ಹುಳು ಸಾಕುವ ಮನೆಯ ಅಜ್ಜಿಯೊಬ್ಬರನ್ನು ಮೊದಲೇ ಕರೆಸಿ ಮಾತನಾಡಿಸುವುದು ಒಳ್ಳೆಯದು (ನಮ್ಮ ಕಡೆ ಅಂಥವರಿಗೇನೂ ಕೊರತೆಯಿಲ್ಲ). ನೂಲು ತೆಗೆಯಲು ಗೂಡನ್ನು ಬಿಸಿನೀರಿಗೆ ಹಾಕಿದರೆ ಒಳಗಿನ ಹುಳು ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಮುಚ್ಚಿಡದೆ, ಅದು ಸಾಯುತ್ತದೆ ಎಂದು ಮೆಲ್ಲಗೆ ಹೇಳಿ. ಆ ಭಾಗವನ್ನು ಮಾತ್ರ ಆಡಿಸಬೇಡಿ.