ಗೋಡೆ ಬೀಳಲಿ ಅಂತ ಕಾಯುವ ಮನೆ

ಮಳೆಹಾನಿ ಪರಿಹಾರದ ಪಟ್ಟಿ ಹೊರಬಿದ್ದ ಮೇಲಿನ ತಿಂಗಳುಗಳಲ್ಲಿ ಆಪ್ತಸಲಹೆಗಾರಳಾದ ನನ್ನಲ್ಲಿಗೆ ಬರುವ ಹಳ್ಳಿಯ ಕುಟುಂಬಗಳ ಜಗಳದೊಳಗೆ ಆ ಪಟ್ಟಿ ಎಲ್ಲೋ ಒಂದು ಕಡೆ ಅವಿತಿರುತ್ತದೆ. ಮೇಲ್ನೋಟಕ್ಕೆ ಅತ್ತೆ ಸೊಸೆಯ ಮುನಿಸು, ಅಣ್ಣ ತಮ್ಮ ಮಾತು ಬಿಟ್ಟದ್ದು, ಗಂಡನ ಕುಡಿತ. ಸ್ವಲ್ಪ ಮಾತಾಡಿಸಿದರೆ ಮನೆಯ ಖಾತೆ, ಅಧಿಕಾರಿಗಳು ಬಂದು ಹಾನಿ ನೋಡಿ ಬರೆದ ಮಹಜರು, ಫೋಟೊ, 'ಅವರಿಗೆ ಅಷ್ಟು ಬಂತು, ನಮಗ್ಯಾಕೆ ಇಷ್ಟೇ' ಎಲ್ಲ ಈಚೆಗೆ ಬರುತ್ತವೆ. ಚಿತ್ರದುರ್ಗದಂಥ ಬರದ ಜಿಲ್ಲೆಯಲ್ಲಿ ಮಳೆ ಪರಿಹಾರದ ಜಗಳವೇ ಅಂತ ಹೊರಗಿನವರು ಕೇಳುತ್ತಾರೆ. 2022ರಲ್ಲಿ ಇಲ್ಲಿಯ ಮಾರಿಕಣಿವೆ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಊರಿಗೂರೇ ಬುತ್ತಿ ಕಟ್ಟಿಕೊಂಡು ನೋಡಲು ಹೋಯಿತು. ಅದೇ ಮಳೆಗೆ ಮಾಳಿಗೆ ಮನೆಗಳ ಗೋಡೆಗಳು ನೆನೆದು ಕೂತವು. ಒಣ ಸೀಮೆಗೆಂದೇ ಕಟ್ಟಿದ ಮನೆ ಅದು. ತೊಲೆ, ಜಂತೆ, ಮೇಲೆ ಮಣ್ಣು. ವರ್ಷ ವರ್ಷ ಮಾಳಿಗೆಗೆ ಕರ್ಲು ಮಣ್ಣು ಹಾಕಿ ತುಳಿಸಿದರೆ ತಲೆಮಾರುಗಟ್ಟಲೆ ನಿಲ್ಲುತ್ತದೆ, ಹಾಕಿಸದಿದ್ದರೆ ಒಂದು ಜಡಿಮಳೆ ಸಾಕು.

ಈಗ ಹೇಳುವ ಪ್ರಕರಣ ಅದಾದ ಕೆಲವು ವರ್ಷಗಳ ನಂತರದ್ದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಮನೆಯ ಮೂವರೂ ಒಪ್ಪಿದ್ದಾರೆ.

ಚಳ್ಳಕೆರೆ ಕಡೆಯ ಹಳ್ಳಿ. ಎಪ್ಪತ್ತು ದಾಟಿದ ತಾಯಿ, ನಲವತ್ತರ ಆಸುಪಾಸಿನ ಮಗ, ಸೊಸೆ. ಒಂದೆರಡು ಎಕರೆ ಈರುಳ್ಳಿ, ಶೇಂಗಾ. ಸಂಘದ ಸಾಲ, ವಾರದ ಕಂತು. ಅಜ್ಜಿ ಊಟ ಕಡಿಮೆ ಮಾಡಿದ್ದಾರೆ, ಮಾತು ಬಿಟ್ಟಿದ್ದಾರೆ, ರಾತ್ರಿ ಎದ್ದು ಕೂತಿರುತ್ತಾರೆ ಅಂತ ಸೊಸೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ಅವರು ನನ್ನ ಹತ್ತಿರ ಕಳಿಸಿದ್ದರು. ಮೊದಮೊದಲು ಅಜ್ಜಿ ಸೆರಗಿನ ಅಂಚು ಮಡಿಸುತ್ತ, ಬಿಚ್ಚುತ್ತ ಕೂತಿರುತ್ತಿದ್ದರು, ಅಷ್ಟೇ. ಮಾತೆಲ್ಲ ಮಗನದು, ಅದೂ ಮನೆಯದೇ.

ಅವನ ಸಿಟ್ಟಿಗೆ ಅರ್ಥವಿತ್ತು. ಹಿಂಗಾರು ಮಳೆಗೆ ಇವರ ಮನೆಯ ಹಿಂದಿನ ಗೋಡೆ ಬಿರುಕು ಬಿಟ್ಟು ಹೊರಕ್ಕೆ ಉಬ್ಬಿತ್ತು, ಬೀಳಲಿಲ್ಲ. ಪಕ್ಕದವರದು ಪೂರ್ತಿ ಕುಸಿಯಿತು. ಕೇಂದ್ರದ 2022-26ರ ವಿಪತ್ತು ಪರಿಹಾರ ಮಾರ್ಗಸೂಚಿಯಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲುಸೀಮೆಯಲ್ಲಿ 1,20,000 ರೂಪಾಯಿ. ಭಾಗಶಃ ಹಾನಿಯಾದರೆ, ಅದೂ ಕನಿಷ್ಠ ಶೇ 15ರಷ್ಟು ಆಗಿದ್ದರೆ, ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಇದರ ಮೇಲೆ ರಾಜ್ಯ ಸರ್ಕಾರ ಆಯಾ ವರ್ಷದ ಆದೇಶದಂತೆ ಸೇರಿಸಿ ಕೊಡುವುದುಂಟು. 2019ರ ನೆರೆಯಲ್ಲಿ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ ಪೂರ್ತಿ ಹೋದದ್ದಕ್ಕೆ 5 ಲಕ್ಷ, ಅಲ್ಪ ಹಾನಿಗೆ 50 ಸಾವಿರ ಕೊಟ್ಟಿತ್ತು. ಆ ಐದು ಲಕ್ಷದ ಅಂಕಿ ಜನರ ತಲೆಯಲ್ಲಿ ಈಗಲೂ ಕೂತಿದೆ, ಆದೇಶ ಬದಲಾದರೂ ಅದು ಅಲ್ಲಿಂದ ಏಳುವುದಿಲ್ಲ. ಇವರ ಕೈಗೆ ಬಂದದ್ದು ನಾಲ್ಕಂಕಿಯ ಮೊತ್ತ. ಒಂದು ಗೋಡೆ ಬಿಚ್ಚಿ ಕಟ್ಟಿಸಲು ಮೇಸ್ತ್ರಿ ಕೇಳುವ ಅಡ್ವಾನ್ಸಿಗೂ ಸಾಲದು.

ಆ ದಿನದ ಭೇಟಿಯಲ್ಲೂ ಅವನು ಅಲ್ಲಿಂದಲೇ ಶುರು ಮಾಡಿದ. "ಇನ್ನೊಂದು ಮಳೆಗೆ ಆ ಗೋಡೆ ನಿಲ್ಲಲ್ಲ ಮೇಡಂ. ಬಿದ್ರೆ ನಮ್ದೂ ಪೂರ್ತಿ ಪಟ್ಟಿಗೆ ಹೋಗ್ತತೆ. ಈಗ ಮಣ್ಣು ಮೆತ್ತಿ ದುಡ್ಡು ಯಾಕೆ ಹಾಳು ಮಾಡ್ಬೇಕು? ಎಲ್ರೂ ಹಂಗೇ ಹೇಳ್ತಾರೆ."

ಆಗ ಅಜ್ಜಿ ತಲೆಯೆತ್ತಿದರು. ಅವನ ಕಡೆ ನೋಡಲಿಲ್ಲ, ನನ್ನನ್ನು ಕೇಳಿದರು: "ಗೋಡೆ ಬಿದ್ರೆ ಲಕ್ಷ ಬರ್ತತೆ ಅಂತಾನೆ. ಅದರ ಬುಡಕ್ಕೆ ನಾನಿದ್ರೆ ನಾಕು ಲಕ್ಷ ಅಂತೆ. ಹೌದೇನು ತಾಯಿ?"

ಅಂಕಿ ಸರಿಯಾಗಿಯೇ ಇತ್ತು. ಪ್ರಕೃತಿ ವಿಕೋಪದಲ್ಲಿ ಜೀವ ಹೋದರೆ ವಾರಸುದಾರರಿಗೆ ಅದೇ ಮಾರ್ಗಸೂಚಿಯಲ್ಲಿ 4 ಲಕ್ಷ. 'ಛೇ, ಹಾಗೆಲ್ಲ ಅನ್ನಬಾರದು ಅಜ್ಜಿ' ಅಂತ ಬಾಯಿ ಮುಚ್ಚಿಸುವುದು ಸುಲಭವಿತ್ತು. ಮನೆಯಲ್ಲಿ ಅಷ್ಟು ದಿನ ಆದದ್ದೂ ಅದೇ. "ಹೌದು ಅಜ್ಜಿ, ಅಷ್ಟೇ ಕೊಡ್ತಾರೆ. ಇದನ್ನ ಯಾರು ಹೇಳಿದ್ರು ನಿಮಗೆ?" ಅಂದೆ.

"ಊರಾಗೆ ಎಲ್ರೂ ಆಡ್ಕಂತಾರೆ. ಇವನೇನು ಬಾಯಿಬಿಟ್ಟು ಹೇಳಿಲ್ಲ. ಮಾಳಿಗೆ ಹತ್ತಿ ತಾಡಪಾಲು ತೆಗೆದ. ನಾನು ಕೆಳಗೆ ಮಲಗಿದ್ದೆ."

ಮಗ ಕುರ್ಚಿ ಬಿಟ್ಟು ಎದ್ದ. "ಅವ್ವ, ಈರುಳ್ಳಿ ರಾಶಿ ಮೇಲೆ ಹೊದಿಸಾಕೆ ತಗಂಡೆ! ರಾತ್ರಿ ಮೋಡ ಆಗಿತ್ತು, ನೀನೇ ನೋಡಿದ್ದಿ!"

"ಈರುಳ್ಳಿ ಮಾರಿ ತಿಂಗಳಾತು" ಅಂದಳು ಹೆಂಡತಿ. ಜೋರಾಗಿಯೇನೂ ಅಲ್ಲ, ಲೆಕ್ಕ ಹೇಳುವ ಹಾಗೆ.

ಅವನು ಮತ್ತೆ ಕೂರಲು ಹೊತ್ತು ಹಿಡಿಯಿತು. ನಾನೂ ಅವಸರ ಮಾಡಲಿಲ್ಲ. "ಈರುಳ್ಳಿಗೆ ಅಂತಲೇ ತಗಂಡೆ ಮೇಡಂ, ದೇವರಾಣೆ" ಅಂದ. ಆಮೇಲೆ, "ವಾಪಸ್ ಹಾಕ್ಲಿಲ್ಲ. ಅದು ನಿಜ. ಹಾಕ್ಬೇಕು ಅನ್ಸೋದು, ಏಣಿ ತನಕ ಹೋಗೋನು, ನಾಳೆ ಅನ್ನೋನು."

ಈ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ತಾಯಿ ಸಾಯಲಿ ಅಂತ ಅವನು ಬಯಸಿರಲಿಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಗೋಡೆ ಬೀಳಲಿ ಅಂತ ಬಯಸಿದ್ದ. ಆದರೆ ಆ ಗೋಡೆಗೆ ತಲೆಕೊಟ್ಟು ಮಲಗುವವರು ಯಾರು ಅನ್ನುವ ಪ್ರಶ್ನೆಯನ್ನು ಆ ಬಯಕೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡದ್ದು ಅಜ್ಜಿ ಮಾತ್ರ, ಅದೂ ರಾತ್ರಿಯೆಲ್ಲ. ಹಾಗಾದರೆ ಆ ಕೋಣೆ ಬಿಟ್ಟು ಬರಲಿಲ್ಲ ಯಾಕೆ ಅಂತ ನೀವು ಕೇಳಬಹುದು. ನಾನೂ ಕೇಳಿದೆ. "ಬಾ ಅಂತ ಇವನು ಕರೀಲಿಲ್ಲ" ಅಂದರು. ಸೊಸೆ ದಿನಾ ಕರೆಯುತ್ತಿದ್ದಳು. ಅಜ್ಜಿಗೆ ಮಗನ ಬಾಯಿಂದ ಬರಬೇಕಿತ್ತು.

ಅವತ್ತು ನಾನು ಕೊಟ್ಟದ್ದು ಸಲಹೆ ಅನ್ನುವುದಕ್ಕಿಂತ ಅಪ್ಪಣೆಯೇ ಸರಿ. ಇವತ್ತು ರಾತ್ರಿ ಅಜ್ಜಿಯ ಹಾಸಿಗೆ ಪಡಸಾಲೆಗೆ, ಮಗನೇ ಹೊತ್ತು ತರಬೇಕು. ತಾಡಪಾಲು ಮಾಳಿಗೆಗೆ. ನಾಳೆ ಗೋಡೆಯ ಬಿರುಕು, ಉಬ್ಬು, ಒಳಗಿನ ತೊಲೆ ಎಲ್ಲದರ ಫೋಟೊ, ತಾರೀಕು ಕಾಣುವ ಹಾಗೆ. ಫೋಟೊ ಆದ ಮೇಲೆ ತೊಲೆಗೆ ನೀಲಗಿರಿ ಕಂಬದ ಆನಿಕೆ. ಬಂದ ಆ ಸಣ್ಣ ದುಡ್ಡು ಗೋಡೆ ಕಟ್ಟಲು ಸಾಲದು ನಿಜ, ಕಂಬಕ್ಕೆ, ಒಂದು ಗಾಡಿ ಕರ್ಲು ಮಣ್ಣಿಗೆ ಸಾಲುತ್ತದೆ. "ರಿಪೇರಿ ಮಾಡಿದ್ರೆ ಪರಿಹಾರ ತಪ್ಪೋಗ್ತತಲ್ಲ?" ಅಂದ. ಈ ಹೆದರಿಕೆ ನಾನು ಕೇಳದ ಮನೆಯಿಲ್ಲ. ಮಹಜರು ಆಗಿರುವುದು ಮಳೆಯಿಂದ ಆದ ಹಾನಿಗೆ. ಆನಿಕೆ ಕೊಟ್ಟ ಮಾತ್ರಕ್ಕೆ ಬರೆದ ಮಹಜರು ಅಳಿಸಿಹೋಗುವುದಿಲ್ಲ, ತೆಗೆದ ಫೋಟೊ ಬದಲಾಗುವುದಿಲ್ಲ. ಹಾನಿ ಕಡಿಮೆ ಬರೆದಿದ್ದಾರೆ ಅನ್ನಿಸಿದರೆ ಅದಕ್ಕೆ ದಾರಿ ಬೇರೆ: ಮರುಪರಿಶೀಲನೆ ಕೋರಿ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳುವುದು. ಮಹಜರಿನ ನಕಲು ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳುವುದು. ಬಿಪಿಎಲ್ ಕಾರ್ಡಿದ್ದವರಿಗೆ ಹತ್ತು ರೂಪಾಯಿ ಶುಲ್ಕವೂ ಇಲ್ಲ. ಪಟ್ಟಿಯಲ್ಲಿ ಮೇಲಕ್ಕೆ ಹಾಕಿಸ್ತೀನಿ ಅಂತ ಓಡಾಡುತ್ತಿದ್ದ ಒಬ್ಬ ಪುಣ್ಯಾತ್ಮನಿಗೆ ಇವನು ಆಗಲೇ ಸ್ವಲ್ಪ ದುಡ್ಡು ಕೊಟ್ಟಿದ್ದ. ಅದನ್ನು ಮರೆತುಬಿಡು, ಇನ್ನು ಬಿಡಿಗಾಸು ಕೊಡಬೇಡ ಅಂದೆ.

ಇದನ್ನು ಕೇಳಿದ ಜತೆಯವರು ಆಕ್ಷೇಪಿಸಿದರು. ಆಪ್ತಸಲಹೆಗಾರರು ದಾರಿ ತೋರಿಸಬಾರದು, ಬಂದವರು ತಾವೇ ಕಂಡುಕೊಳ್ಳುವಂತೆ ಮಾಡಬೇಕು. ನೀವು ಪಂಚಾಯಿತಿ ಕೆಲಸ ಮಾಡಿದಿರಿ ಅಂದರು. ಪಾಠ ನನಗೂ ಗೊತ್ತು. ಮದುವೆ ಮುರಿಯಬೇಕೋ ಉಳಿಸಿಕೊಳ್ಳಬೇಕೋ ಅನ್ನುವವರಿಗೆ ನಾನು ಯಾವತ್ತೂ ಹೀಗೆ ಹೇಳಿದವಳಲ್ಲ. ಆದರೆ ತಲೆಯ ಮೇಲೆ ತೊಲೆ ಜಾರುತ್ತಿರುವಾಗ 'ನಿಮಗೆ ಏನನ್ನಿಸುತ್ತದೆ' ಅಂತ ಕೇಳುತ್ತ ಕೂರುವುದನ್ನು ನಾನು ಸಂಯಮ ಅನ್ನಲಾರೆ. ಮೇಲಾಗಿ ಆ ಅಜ್ಜಿಯ ಮನೋವ್ಯಥೆಗೆ ಕಾರಣ ಮನಸ್ಸಿನೊಳಗೆ ಎಷ್ಟಿತ್ತೋ ಮಾಳಿಗೆ ಮೇಲೂ ಅಷ್ಟೇ ಇತ್ತು. ನಿದ್ದೆ ಮಾತ್ರೆ ಕೊಟ್ಟಿದ್ದರೆ ಆ ಗೋಡೆಯ ಬುಡದಲ್ಲಿ ಇನ್ನೂ ಗಾಢವಾಗಿ ಮಲಗುತ್ತಿದ್ದರು, ಅಷ್ಟೇ.

ಇನ್ನೊಂದು ಕಡೆಯವರೂ ಇದ್ದಾರೆ: 'ಬಡವ, ಆ ಗೋಡೆಯನ್ನ ಹಾರೆ ಹಾಕಿ ಕೆಡವಿಕೊಂಡರೆ ನಿಮಗೇನು ಕಷ್ಟ? ಎಲ್ಲರೂ ಮಾಡುತ್ತಾರೆ.' ಹಾಗೆ ಕೆಡವಿದ ಒಂದೆರಡು ಮನೆಯವರು ನನ್ನ ಮುಂದೆಯೂ ಕೂತಿದ್ದಾರೆ. ಪರಿಶೀಲನೆಗೆ ಬಂದವರಿಗೆ ಮಳೆಗೆ ಕುಸಿದ ಗೋಡೆಗೂ ಹಾರೆಯ ಗೋಡೆಗೂ ವ್ಯತ್ಯಾಸ ಕಂಡಿತು. ಹೊಸ ಮನೆಯೂ ಬರಲಿಲ್ಲ, ಇದ್ದ ಗೋಡೆಯೂ ಹೋಯಿತು. ಕೆಡವಿದ್ದು ಯಾರ ಮಾತು ಕೇಳಿ ಅಂತ ಗಂಡ ಹೆಂಡತಿಗೆ ಶುರುವಾದ ಜಗಳಕ್ಕೆ ಅವರು ನನ್ನ ಹತ್ತಿರ ಬಂದದ್ದು.

ಜನರನ್ನಷ್ಟೇ ದೂರಲಾರೆ. ಉಬ್ಬಿದ ಗೋಡೆಯನ್ನು ನಿಲ್ಲಿಸಿಕೊಳ್ಳಲು ಕೆಲವೇ ಸಾವಿರ, ಬಿದ್ದುಹೋದರೆ ಲಕ್ಷ ಅನ್ನುವ ಲೆಕ್ಕದಲ್ಲಿ ಬೀಳುವುದೇ ಲಾಭವಾಗಿ ಕಾಣುತ್ತದೆ. ವಸತಿ ಯೋಜನೆಗಳ ಕಡೆ ತಿರುಗಿದರೆ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ 1.2 ಲಕ್ಷವಾಗಲಿ ನಮ್ಮ ಬಸವ ವಸತಿಯಾಗಲಿ ಹೊಸ ಮನೆ ಕಟ್ಟುವವರಿಗೆ. ತಳಪಾಯ, ಲಿಂಟಲ್, ಛಾವಣಿ ಅಂತ ಹಂತ ಹಂತದ ಫೋಟೊಗೆ ಕಂತು ಬೀಳುತ್ತದೆ. ಇರುವ ಮನೆಯನ್ನೇ ಸರಿಮಾಡಿಕೊಂಡು ಬಾಳುತ್ತೇನೆ ಅನ್ನುವವನು ಇವೆರಡರ ನಡುವಿನ ಸಂದಿಯಲ್ಲಿ ಬೀಳುತ್ತಾನೆ. ಆ ಸಂದಿಯನ್ನು ಮುಚ್ಚುವುದು ನನ್ನ ಕೈಯಲ್ಲಿಲ್ಲ. ಅದು ಮನೆಯೊಳಗೆ ಬಂದು ಅನುಮಾನವಾಗಿ ಕೂತಾಗ ಎಬ್ಬಿಸುವುದಷ್ಟೇ ನನ್ನ ಕೆಲಸ.

ಆದ್ದರಿಂದ ಇಂಥ ಮನೆಯಿಂದ ಯಾರೇ ಬಂದರೂ ನಾನೀಗ ಮೊದಲು ಕೇಳುವುದು ಎರಡು. ಆ ಕೋಣೆಯಲ್ಲಿ ಯಾರು ಮಲಗುತ್ತಾರೆ? ಖಾತೆ ಯಾರ ಹೆಸರಲ್ಲಿದೆ? ಎರಡನೆಯದನ್ನು ಕೇಳಿದರೆ ಬಹಳ ಮಂದಿ ನೆಲ ನೋಡುತ್ತಾರೆ. ಮನೆ ಸತ್ತ ತಂದೆಯ ಹೆಸರಲ್ಲೋ ತಾತನ ಹೆಸರಲ್ಲೋ ಇರುತ್ತದೆ. ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಆಗಿಲ್ಲ, ಪಂಚಾಯಿತಿಯ ಕಂಪ್ಯೂಟರ್ ಖಾತೆಯಾದ ಇ-ಸ್ವತ್ತು ಆಗಿಲ್ಲ. ಯಾವ ಸಹಾಯಧನಕ್ಕೆ ಹೋದರೂ ಅಲ್ಲೇ ತಡೆಯುತ್ತದೆ. ಮಳೆ ಬಂದಾಗ ಓಡಾಡುವ ಬದಲು ಬೇಸಿಗೆಯಲ್ಲೇ ಮಾಡಿಸಿಕೊಳ್ಳಿ.

ಈ ಕುಟುಂಬದಲ್ಲೂ ಖಾತೆ ಅಜ್ಜಿಯ ಗಂಡನ ಹೆಸರಲ್ಲೇ ಇತ್ತು. ಅಜ್ಜಿ ಪಡಸಾಲೆಯಲ್ಲಿ ಮಲಗುತ್ತಿದ್ದಾರೆ. ಊಟ ಸುಧಾರಿಸಿದೆ, ಮಗನ ಜತೆ ಬೇಕಾದಷ್ಟಕ್ಕೆ ಮಾತ್ರ ಮಾತು. ಗೋಡೆಗೆ ಆನಿಕೆ ಬಿದ್ದಿದೆ. ಮರುಪರಿಶೀಲನೆ ಅರ್ಜಿಗೆ ಉತ್ತರ ಬಂದಿಲ್ಲ. ಪೌತಿ ಖಾತೆಗೆ ದಾವಣಗೆರೆಗೆ ಕೊಟ್ಟಿರುವ ತಂಗಿಯ ಒಪ್ಪಿಗೆ ಬೇಕು. ಸಹಿ ಹಾಕುವ ಮೊದಲು ತನ್ನ ಪಾಲಿನ ಮಾತಾಗಲಿ ಅಂತ ಆಕೆ ಕೇಳಿದ್ದಾಳೆ. ಅಣ್ಣನಿಗೆ ಅದು ಇನ್ನೊಂದು ಸಿಟ್ಟು. ಆಕೆ ಕೇಳಿದ್ದು ಸರಿಯಾಗಿಯೇ ಇದೆ ಅಂತ ಹೇಳಿದ್ದೇನೆ. ಮುಂದಿನ ಸಲ ಮೂವರ ಬದಲು ನಾಲ್ವರು ಬರುತ್ತಾರೆ.