ನಿಟ್‌ವೇರ್ ಡಿಸೈನ್ ಆರಿಸಿಕೊಳ್ಳಬಹುದೇ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಅಜ್ಜಿಯಿಂದ ಸ್ವೆಟರ್ ಹೆಣೆಯಲು ಕಲಿತಿದ್ದೇನೆ. ಬೆಂಗಳೂರಿನ ನಿಫ್ಟ್‌ನಲ್ಲಿ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ನಿಟ್‌ವೇರ್ ಡಿಸೈನ್ ಓದುವ ಆಸೆಯಿದೆ. ಅಷ್ಟು ಕಿರಿದಾದ ವಿಷಯ ಬೇಡ, ಫ್ಯಾಷನ್ ಡಿಸೈನ್ ತೆಗೆದುಕೋ ಎನ್ನುತ್ತಾರೆ ಅಪ್ಪ. ಏನು ಮಾಡಲಿ?
– ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಯಾವುದೇ ವಿಭಾಗದಲ್ಲಿ ಪಿಯುಸಿ ಮುಗಿಸಿದವರೂ ನಾಲ್ಕು ವರ್ಷದ ಬಿ.ಡಿಸೈನ್ ಪದವಿಗೆ ಅರ್ಹರಾದ್ದರಿಂದ ವಾಣಿಜ್ಯ ಓದಿದ್ದು ಅಡ್ಡಿಯಾಗದು. ತಂದೆಯವರ ಆತಂಕ ನಿಟ್‌ವೇರ್ ಎಂದರೆ ಸ್ವೆಟರ್ ಎಂಬ ಎಣಿಕೆಯಿಂದ ಬಂದಂತಿದೆ; ಮಳೆಗಾಲದಲ್ಲೂ ಸ್ವೆಟರ್ ಬಿಚ್ಚದ ಕೊಡಗಿನಲ್ಲಿ ಹಾಗೆನಿಸುವುದು ಸಹಜವೇ. ಆದರೆ ಟೀ ಶರ್ಟ್, ಬನಿಯನ್, ಲೆಗ್ಗಿಂಗ್ಸ್, ಕಾಲುಚೀಲ, ಕ್ರೀಡಾಪಟುಗಳ ಜೆರ್ಸಿ, ಓಟಕ್ಕೆ ಬಳಸುವ ಎಷ್ಟೋ ಶೂಗಳ ಮೇಲ್ಭಾಗ, ಇವೆಲ್ಲವೂ ಹೆಣೆದ ಬಟ್ಟೆಗಳೇ. ತಿರುಪ್ಪೂರು ಹತ್ತಿಯ ಹೆಣಿಗೆಗೂ ಲೂಧಿಯಾನ ಉಣ್ಣೆಯ ಹೆಣಿಗೆಗೂ ಹೆಸರಾದ ಊರುಗಳು. ವಿಷಯ ಕಿರಿದಲ್ಲ.

ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಫ್ಯಾಷನ್ ಡಿಸೈನ್ ಕಲಿತವರು ಬಹುಪಾಲು ಸಿದ್ಧ ಬಟ್ಟೆಯನ್ನು ಆರಿಸಿ, ಕತ್ತರಿಸಿ, ಉಡುಪಿಗೆ ರೂಪ ಕೊಡುತ್ತಾರೆ. ಹೆಣಿಗೆಯ ವಿನ್ಯಾಸಕರು ನೂಲಿನಿಂದಲೇ ಆರಂಭಿಸುವುದರಿಂದ, ಎಷ್ಟೋ ಸಲ ಬಟ್ಟೆಯೂ ಉಡುಪೂ ಒಟ್ಟಿಗೇ ಹುಟ್ಟುತ್ತವೆ. ಇಲ್ಲಿ ಚಿತ್ರ ಬರೆಯುವ ಕೈಗಿಂತ ಲೆಕ್ಕ ಹಾಕುವ ತಾಳ್ಮೆ ಮುಖ್ಯವಾಗುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಮಾದರಿ ತುಂಡಿನಲ್ಲಿ 22 ಕುಣಿಕೆಗಳು ಬಂದರೆ, 50 ಸೆಂಟಿಮೀಟರ್ ಅಗಲದ ಮುಂಭಾಗಕ್ಕೆ 110 ಕುಣಿಕೆ ಬೇಕು. ಅದೇ ತುಂಡು ಒಗೆದು ಒಣಗಿಸಿದ ಮೇಲೆ ಕುಗ್ಗಿ, ಹತ್ತು ಸೆಂಟಿಮೀಟರಿಗೆ 24 ಕುಣಿಕೆ ಎಣಿಕೆಗೆ ಬಂದರೆ ಲೆಕ್ಕ 120ಕ್ಕೆ ಏರುತ್ತದೆ. ನೂಲು ಉಣ್ಣೆಯಿಂದ ಹತ್ತಿಗೆ ಬದಲಾದರೆ, ಹತ್ತಿಗೆ ಉಣ್ಣೆಯ ಸ್ಥಿತಿಸ್ಥಾಪಕ ಗುಣವಿಲ್ಲದ ಕಾರಣ ಬಿಗಿಯಾಗಿ ಕೂರಬೇಕಾದ ಅಂಚು ಜೋತುಬೀಳುತ್ತದೆ. ಅಜ್ಜಿಯವರು ಇದನ್ನು ಕೈಯಂದಾಜಿನಲ್ಲೇ ನಿಭಾಯಿಸಿರಬಹುದು; ಪದವಿಯಲ್ಲಿ ಅದನ್ನು ಬರೆದು ತೋರಿಸಬೇಕಾಗುತ್ತದೆ. ಎರಡು ಬಗೆಯ ನೂಲಿನಲ್ಲಿ ಇಂಥ ತುಂಡುಗಳನ್ನು ಹೆಣೆದು, ಒಗೆದು, ಮತ್ತೆ ಅಳೆದು ನೋಡಿ. ಆ ಕೆಲಸ ಬೇಸರ ತಂದರೆ ತಂದೆಯವರ ಮಾತೇ ನಿಮಗೆ ಸರಿ.

ಕೈಹೆಣಿಗೆಯ ಪ್ರೀತಿಯೊಂದನ್ನೇ ನೆಚ್ಚಿ ಸೇರುವುದನ್ನು ನಾನು ಒಪ್ಪುವುದಿಲ್ಲ. ಉದ್ಯಮದಲ್ಲಿ ಕೆಲಸ ನಡೆಯುವುದು ಯಂತ್ರಗಳ ಮೇಲೆ. ಜಪಾನಿನ ಶಿಮಾ ಸೇಕಿ, ಜರ್ಮನಿಯ ಸ್ಟಾಲ್ ಕಂಪನಿಗಳ ಗಣಕೀಕೃತ ಯಂತ್ರಗಳಿಗೆ ವಿನ್ಯಾಸವನ್ನು ತಂತ್ರಾಂಶದಲ್ಲಿಯೇ ಹೇಳಿಕೊಡಬೇಕು. ಶಿಮಾ ಸೇಕಿಯ ಯಂತ್ರಗಳು 1995ರಿಂದಲೇ ಹೊಲಿಗೆಯಿಲ್ಲದ ಇಡೀ ಉಡುಪನ್ನು ಹೆಣೆಯುತ್ತಿವೆ. ಹಾಗಾಗಿ ಕಾಲೇಜು ನೋಡಲು ಹೋದಾಗ ಕಟ್ಟಡಕ್ಕಿಂತ ಯಂತ್ರಗಳನ್ನು ನೋಡಿ, ವಾರಕ್ಕೆ ಎಷ್ಟು ಹೊತ್ತು ವಿದ್ಯಾರ್ಥಿಗಳೇ ಅವುಗಳ ಮೇಲೆ ಕೆಲಸ ಮಾಡುತ್ತಾರೆಂದು ಪ್ರಾಧ್ಯಾಪಕರನ್ನಲ್ಲ, ಮೂರನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿ.

ತಂದೆಯವರು ಚಿಂತಿಸಬೇಕಾದ ಸಂಗತಿ ಒಂದಿದೆ: ಕೊಡಗಿನಲ್ಲೇ ಇದ್ದು ಮಾಡುವ ನೌಕರಿ ಇದರಲ್ಲಿ ವಿರಳ. ಮೊದಲ ಕೆಲಸ ಬೆಂಗಳೂರಿನಲ್ಲೋ ತಿರುಪ್ಪೂರಿನಲ್ಲೋ ಸಿಗುವ ಸಂಭವವೇ ಹೆಚ್ಚು, ಅದೂ ಸೃಜನಶೀಲ ವಿನ್ಯಾಸಕ್ಕಿಂತ ಬಟ್ಟೆಯ ತೂಕ, ಕುಗ್ಗುವಿಕೆ, ಬಣ್ಣದ ಹೊಂದಾಣಿಕೆ ನೋಡುವ ಕೆಲಸವಾಗಿರಬಹುದು.

ನಿಫ್ಟ್‌ನಲ್ಲಿ ವಿಭಾಗ ನಿರ್ಧಾರವಾಗುವುದು ಪ್ರವೇಶದ ಹೊತ್ತಿನಲ್ಲೇ, ರ‍್ಯಾಂಕ್ ಮತ್ತು ನೀವು ಕೊಡುವ ಆದ್ಯತೆಯ ಮೇಲೆ. ಮಾದರಿ ತುಂಡುಗಳ ಕೆಲಸ ನಿಮಗೆ ಹಿಡಿಸಿದ್ದರೆ ನಿಟ್‌ವೇರನ್ನು ಮೊದಲು, ಟೆಕ್ಸ್‌ಟೈಲ್ ಡಿಸೈನನ್ನು ಎರಡನೆಯದಾಗಿ, ಫ್ಯಾಷನ್ ಡಿಸೈನನ್ನು ಅದರ ನಂತರ ಬರೆಯಿರಿ.